ಮೂರು ಮೆಟ್ಟಿಲು ಏರಿದ ಶ್ರುತಿ

ಅಥವಾ ಆ ಸ್ಟುಡಿಯೋ ಇದ್ದದ್ದು ಕುಮಾರಸ್ವಾಮಿ ಲೇಔಟಿನಲ್ಲಿ ಅಲ್ಲವೇ ಅಲ್ಲ, ಬನಶಂಕರಿಯಲ್ಲೇ ಇರಬೇಕು. ಮೊದಲ ಮಹಡಿ ಎಂಬುದು ಮಾತ್ರ ಗಟ್ಟಿ, ಕೀಬೋರ್ಡ್ ಹೊತ್ತು ಹತ್ತಿದ ಹೆಗಲ ನೋವು ನೆನಪಿದೆ. ಆ ನೋವು ಅಂದಿನದೇ ಎಂದು ಹೇಗೆ ಹೇಳಲಿ?

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಭಕ್ತಿಗೀತೆಯ ಕ್ಯಾಸೆಟ್‌ಗಳಿಗೆ ಕೀಬೋರ್ಡ್ ನುಡಿಸುತ್ತಿದ್ದೆ. ಸ್ಟುಡಿಯೋ ಇಟ್ಟಿದ್ದ ಗೆಳೆಯ ಆ ವಾರ ಕಂಪ್ಯೂಟರ್ ತಂದಿದ್ದ, ಜೊತೆಗೊಂದು ಸಂಗೀತದ ಸಾಫ್ಟ್‌ವೇರ್. ಅದರ ಸ್ವಂತ ದನಿಗಳು ಡಬ್ಬದೊಳಗಿನ ಜೀರುಂಡೆಯಂತಿದ್ದವು. ಆದ್ದರಿಂದ ದನಿ ನನ್ನ ಕೀಬೋರ್ಡಿನದು, ನೆನಪು ಅದರದು. ನಾನು ಒಮ್ಮೆ ನುಡಿಸಿದ್ದನ್ನು ಅದು ಬರೆದುಕೊಂಡು, ತಂತಿಯ ಮೂಲಕ ಅದೇ ಕೀಬೋರ್ಡಿನಿಂದ ಎಷ್ಟು ಸಲ ಬೇಕಾದರೂ ನುಡಿಸಬಲ್ಲದು. ತಪ್ಪಿದ ಸ್ವರವನ್ನು ಮೌಸಿನಿಂದ ಎಳೆದು ಕೂರಿಸಬಹುದು. ನುಡಿಸಲು ಬಾರದವನೂ ಒಂದೊಂದೇ ಸ್ವರ ಚುಚ್ಚಿ ಹಾಡು ಕಟ್ಟಬಹುದು.

“ಇನ್ಮೇಲೆ ನಿನ್ ಬೆರಳಿಗೆ ರಜಾ ಮಗಾ,” ಎಂದ ಗೆಳೆಯ.

“ಬೆರಳಿಗಾ, ನಂಗಾ?”

ನಕ್ಕ. ಅಂದು ಒಂದು ಹಾಡಿನಲ್ಲಿ ಕಂಪ್ಯೂಟರಿನ ಪರೀಕ್ಷೆ. ಅದು ಗೆದ್ದರೆ ಗೆಳೆಯ ಮುಂದೆ ಕೀಬೋರ್ಡ್ ಬಾಡಿಗೆಗೆ ತಂದರೆ ಸಾಕು, ನನ್ನನ್ನು ಕರೆಯಬೇಕಿಲ್ಲ.

ಆರ್ಕೆಸ್ಟ್ರಾಗಳಲ್ಲಿ ಬೆಳೆದ ನಮಗೆ ಒಂದು ಸೋಮಾರಿ ಅಭ್ಯಾಸವಿತ್ತು. ಯಾವ ಶ್ರುತಿಯ ಹಾಡಾದರೂ ಸುಲಭದ ಬಿಳಿ ಕೀಲಿಗಳ ಮೇಲೇ ನುಡಿಸುವುದು, ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಗಾಯಕರ ಶ್ರುತಿಗೆ ಏರಿಸಿಕೊಳ್ಳುವುದು. ಅಂದೂ ಮೂರು ಮೆಟ್ಟಿಲು, ಎಂದರೆ ಮೂರು ಸ್ವರಸ್ಥಾನ, ಏರಿಸಿ ನುಡಿಸಿದೆ. ಕಂಪ್ಯೂಟರ್ ಏರಿದ ಸ್ವರಗಳನ್ನೇ ಬರೆದುಕೊಂಡಿತು. ಅದು ಮರಳಿ ನುಡಿಸುವ ಮುನ್ನ ಗುಂಡಿಯನ್ನು ಸೊನ್ನೆಗೆ ತರಬೇಕು, ಇಲ್ಲದಿದ್ದರೆ ಕೀಬೋರ್ಡ್ ಇನ್ನೂ ಮೂರು ಮೆಟ್ಟಿಲು ಏರಿಸುತ್ತದೆ. ನಾನು ತರಲಿಲ್ಲ.

ಹಾಡಲು ಬಂದವರು ಜಯನಗರದ ಶಾಲೆಯೊಂದರ ಟೀಚರ್, ಅರ್ಧ ದಿನ ರಜೆ ಹಾಕಿದ್ದರು. ಕಂಪ್ಯೂಟರ್ ನುಡಿಸಿದ್ದಕ್ಕೆ ಹಾಡುತ್ತ ಪಲ್ಲವಿ ಹೇಗೋ ದಾಟಿದರು. ಚರಣದಲ್ಲಿ ದನಿ ಒಡೆಯಿತು. ಮತ್ತೆ ಹಾಡಿದರು, ಮತ್ತೆ ಒಡೆಯಿತು.

“ಸಾರಿ ಸಾರ್, ಬೆಳಗ್ಗೆಯಿಂದ ಮಕ್ಕಳ ಹತ್ರ ಕೂಗಿ ಕೂಗಿ ಗಂಟಲು ಹೋಗಿದೆ.”

“ನಿಮ್ದಲ್ಲ ಮೇಡಂ, ಈ ಡಬ್ಬಾದ್ದೇ ಏನೋ.” ಗೆಳೆಯ ಮಾನಿಟರಿನ ನೆತ್ತಿಗೆ ತಟ್ಟಿದ. “ನೀನೇ ನುಡಿಸ್ಬಿಡು ಗುರು.”

ಕೀಬೋರ್ಡಿನ ಪುಟ್ಟ ಪರದೆಯಲ್ಲಿ ಮೂರು ಎಂಬ ಅಂಕಿ ನನ್ನ ಕಣ್ಣೆದುರೇ ಇತ್ತು. ಹೇಳಲಿಲ್ಲ. ನುಡಿಸಿದೆ. ಕೈಯಿಂದ ನುಡಿಸಿದರೆ ಏರುವುದು ಮೂರೇ ಮೆಟ್ಟಿಲು, ಈ ಸಲ ಅವರು ಸಲೀಸಾಗಿ ಹಾಡಿದರು. ಆದರೂ ಹೊರಡುವಾಗ ಗಂಟಲು ಸವರಿಕೊಳ್ಳುತ್ತ, “ನಂಗೂ ವಯಸ್ಸಾಯ್ತು ಅನ್ಸತ್ತೆ,” ಎಂದರು. ಆಗಲೂ ಹೇಳಲಿಲ್ಲ.

ಮುಂದಿನ ಕ್ಯಾಸೆಟ್ಟಿಗೆ ಗೆಳೆಯ ನನ್ನನ್ನೇ ಕರೆದ. ಆ ಟೀಚರನ್ನು ಕರೆದನೇ ಎಂದು ನಾನು ಕೇಳಲಿಲ್ಲ. ಗುಂಡಿ ಮರೆತೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಬೇಕೆಂದೇ ಬಿಟ್ಟೆ ಎಂದೂ. ಎರಡನ್ನೂ ನಂಬಿದ್ದೇನೆ. ಯಾವುದು ನಡೆಯಿತೋ ನನಗೆ ಗೊತ್ತಿಲ್ಲ.