ಕೊನೆಯಲ್ಲಿ ನಡೆಯುವವನು

ನನ್ನ ಮೈದುನ ಇಲೇರ್ ಯಾವತ್ತೂ ಎಲ್ಲರಿಗಿಂತ ಹಿಂದೆ ನಡೆದವನು. ಅಣಬೆ ಬೆಳೆಯುವ ಗುಹೆಗಳಲ್ಲಿ ಕೆಲಸಕ್ಕಿದ್ದಾಗಲೂ ಹಾಗೇ. ಸಂಜೆ ಎಲ್ಲರೂ ಹೊರಬಿದ್ದ ಮೇಲೆ, ಒಳಗೆ ಯಾರೂ ಉಳಿದಿಲ್ಲವೆಂದು ನೋಡಿ ದೀಪ ಆರಿಸಿ ಬರುವವನು ಅವನು. ಆ ಕೆಲಸವನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲ. ತಾನೇ ತೆಗೆದುಕೊಂಡಿದ್ದ. ಮದುವೆಯಾಗಲಿಲ್ಲ. ನಮ್ಮ ಅಂಗಳದ ಆ ಕಡೆ ಬಿಳಿಕಲ್ಲಿನ ಒಂದು ಕೋಣೆ, ಅದರಲ್ಲೇ ಬದುಕಿದ. ಭಾನುವಾರ ನಮ್ಮ ಜೊತೆ ಊಟ. ಮಾಂಸದ ತಟ್ಟೆಯನ್ನು ಮೊದಲು ಅವನ ಕಡೆ ತಳ್ಳಿದರೆ ಮೇಜೆಲ್ಲ ಸುತ್ತಿಸಿ ಕೊನೆಗೆ ತಾನು ಬಡಿಸಿಕೊಳ್ಳುತ್ತಿದ್ದ.

ನನ್ನ ಗಂಡ ಆರ್ಮೆಲ್ ಇವನ ಅಣ್ಣ. ಇವನಿಗೆ ತದ್ವಿರುದ್ಧ. ಬಾಯಿ ತೆರೆದರೆ ಲುವಾರ್ ನದಿಯ ಆಚೆ ದಡಕ್ಕೆ ಕೇಳಬೇಕು. ನಿವೃತ್ತಿಯಾದ ಮೇಲೆ, ಊರು ನೋಡಲು ಬಂದವರನ್ನು ಸುತ್ತಾಡಿಸುವ ಕೆಲಸ ಹಿಡಿದ. ಉಪ್ಪಿನ ಉಗ್ರಾಣದಿಂದ ಹೊರಟು, ದೋಣಿಯವರ ಚರ್ಚು, ಹೊಳೆ ಉಕ್ಕಿದ ಗುರುತುಗಳಿರುವ ಗೋಡೆ, ಕೊನೆಗೆ ಸೇತುವೆಯ ಬುಡ. ನಮ್ಮ ಊರು ಮೊಂತ್ರೆವಿಯೆರಿನಲ್ಲಿ ಓಣಿಗಳು ಜನರ ಅಂಗಳದೊಳಗೇ ಹಾದು ಹೋಗುತ್ತವೆ. ಅಂಗಳದವರು ಬಿಡುತ್ತಾರೆ, ಒಂದೇ ಷರತ್ತು: ಕೊನೆಯವನು ಗೇಟು ಹಾಕಬೇಕು. ಹಾಕದಿದ್ದರೆ ಕೋಳಿ ಓಣಿಗೆ ಬರುತ್ತದೆ, ನಾಯಿ ಕೋಳಿಯ ಹಿಂದೆ ಬರುತ್ತದೆ, ಮಾರನೆಯ ದಿನ ಜಗಳ ನಮ್ಮ ಮನೆಗೆ ಬರುತ್ತದೆ. ಹಾಗಾಗಿ ಆರ್ಮೆಲ್ ಮುಂದೆ, ಇಲೇರ್ ಹಿಂದೆ. ಬಹಳ ವರ್ಷ ಹೀಗೇ ನಡೆಯಿತು. ಇಲೇರ್ ಗೇಟಿನ ಪಕ್ಕ ನಿಲ್ಲುತ್ತಿದ್ದ, ಎಲ್ಲರನ್ನೂ ಒಳಗೆ ಬಿಡುತ್ತಿದ್ದ, ಆಮೇಲೆ ಗೇಟು ಹಾಕುತ್ತಿದ್ದ. ಬಂದವರ ಮುಖ ಅವನಿಗೆ ನೆನಪಿರುತ್ತಿರಲಿಲ್ಲ. ಬೆನ್ನು ನೆನಪಿರುತ್ತಿತ್ತು.

ಫೆಬ್ರವರಿಯಲ್ಲಿ ಆರ್ಮೆಲ್ ಹೋದ. ಅಡುಗೆಮನೆಯಲ್ಲಿ, ಬೆಳಿಗ್ಗೆ, ಕಾಫಿ ಬಟ್ಟಲು ಕೈಯಲ್ಲಿತ್ತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಮಣ್ಣು ಮಾಡಿ ಬಂದ ದಿನದಿಂದ ಇಲೇರ್ ಕೋಣೆಯಿಂದ ಹೊರಗೆ ಬರಲಿಲ್ಲ. ಕಿಟಕಿಯ ಮೇಲೆ ಸೂಪಿನ ಬಟ್ಟಲು ಇಟ್ಟು ಬರುತ್ತಿದ್ದೆ. ಅರ್ಧ ಹಾಗೇ ಉಳಿದಿರುತ್ತಿತ್ತು. ಒಮ್ಮೆ ಕಂಡಾಗ ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡಿದ್ದ, ಬೆಲ್ಟಿಗೆ ತೂತು ಸಾಲದೆ. ಒಬ್ಬ ಮಣ್ಣಿನಲ್ಲಿದ್ದಾನೆ, ಇನ್ನೊಬ್ಬ ತಯಾರಿ ನಡೆಸಿದ್ದಾನೆ ಅನ್ನಿಸಿತು. ನನಗೆ ಅಳಲೂ ಬಿಡುವಿಲ್ಲದಂತೆ ಮಾಡಿದ.

ಆಗಸ್ಟಿನಲ್ಲಿ ಮೇಯರ್ ಕಚೇರಿಯಿಂದ ಪೆರ್ದ್ರಿಯೋ ಮೇಡಂ ಬಂದರು. ಕೈಯಲ್ಲಿ ಒಂದು ಸಣ್ಣ ಯಂತ್ರ. ನನ್ನ ಹೆಸರು ಹಿಡಿದು ಕರೆದರು.

"ನೋಡಿ ಓದಿಲ್, ಬಂದವರು ಇದನ್ನ ಕಿವಿಗೆ ಇಟ್ಕೊಂಡು ತಾವೇ ಊರು ಸುತ್ತುತ್ತಾರೆ. ಎಲ್ಲಾ ಇದೇ ಹೇಳುತ್ತೆ."

"ಗೇಟು ಯಾರು ಹಾಕ್ತಾರೆ? ಇದು ಹಾಕುತ್ತಾ?"

ಅವರು ನಕ್ಕರು. ಅಷ್ಟರಲ್ಲಿ ಅಂಗಳದ ಆ ಕಡೆಯಿಂದ ದನಿ ಬಂತು. "ನಾನ್ ಮಾಡ್ತೀನಿ."

ಇಬ್ಬರೂ ತಿರುಗಿ ನೋಡಿದೆವು. ಇಲೇರ್ ಬಾಗಿಲಲ್ಲಿ ನಿಂತಿದ್ದ.

"ಏನು ಮಾಡ್ತೀರಿ? ಗೇಟು ಹಾಕ್ತೀರಾ?" ಮೇಡಂ ಕೇಳಿದರು.

"ಮಾತೂ ಆಡ್ತೀನಿ. ಅಣ್ಣ ಹೇಳ್ತಿದ್ದಿದ್ದೆಲ್ಲ ಬರುತ್ತೆ ನಂಗೆ."

ಮೇಡಂ ಕೆಟ್ಟವರಲ್ಲ. ಸೆಪ್ಟೆಂಬರಿನಲ್ಲಿ ಹಳೆಯ ಕಟ್ಟಡಗಳನ್ನು ಜನರಿಗೆ ತೆರೆದಿಡುವ ಭಾನುವಾರ ಇದೆಯಲ್ಲ, ಅವತ್ತು ಮಾಡಿ, ನಾನೂ ಬರುತ್ತೇನೆ ಎಂದರು. ಸರಿಹೋದರೆ ನಡಿಗೆ ನಿಮ್ಮದೇ. ಇಲ್ಲದಿದ್ದರೆ ವಸಂತಕ್ಕೆ ಯಂತ್ರ.

ಅವತ್ತಿನಿಂದ ಇಲೇರ್ ಉಣ್ಣತೊಡಗಿದ. ನನಗೆ ಸಂತೋಷವಾಗಬೇಕಿತ್ತು. ಹೆದರಿಕೆ ಹೆಚ್ಚಾಯಿತು. ಇದಕ್ಕಾಗಿ ಉಣ್ಣುತ್ತಿದ್ದಾನೆ, ಇದು ಕೈಬಿಟ್ಟರೆ ಏನು? ಅವನು ಅಂಗಳದಲ್ಲಿ ನಿಂತು ಕೋಳಿಗಳಿಗೆ ಉಪ್ಪಿನ ಉಗ್ರಾಣದ ಕಥೆ ಹೇಳುತ್ತಿದ್ದ. ಒಂದು ಮಾತೂ ತಪ್ಪುತ್ತಿರಲಿಲ್ಲ. ಆರ್ಮೆಲ್ ಎಲ್ಲಿ ಕೆಮ್ಮುತ್ತಿದ್ದನೋ ಅಲ್ಲಿ ಇವನೂ ಕೆಮ್ಮುತ್ತಿದ್ದ. ನಾನು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ. ಕೋಳಿಗಳ ಮುಂದೆ ಮಾತಾಡುವುದೇ ಬೇರೆ, ಜನರ ಮುಂದೆಯೇ ಬೇರೆ.

ಆ ಭಾನುವಾರ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಿದರು. ಇಲೇರನ ಅಂಗಿ ನಾನೇ ಇಸ್ತ್ರಿ ಮಾಡಿದ್ದೆ. ಅವನ ಕತ್ತು ಆಗಲೇ ಬೆವತಿತ್ತು. ಪೆರ್ದ್ರಿಯೋ ಮೇಡಂ ಕೆಂಪು ಶಾಲು ಹೊದ್ದು ಬಂದಿದ್ದರು. ಉಗ್ರಾಣದ ಎದುರು ಮನೆಯ ಬೆರ್ತೀಲ್ ಅಜ್ಜಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದಳು.

"ಏ ಇಲೇರ್, ನಾಲಿಗೆ ತಂದಿದ್ದೀಯೇನೋ? ಗುಹೇಲೇ ಬಿಟ್ಟು ಬಂದ್ಯಾ?"

"ತಂದಿದೀನಿ ಅಜ್ಜಿ. ನಿಂದು ಸ್ವಲ್ಪ ಒಳಗಿಟ್ಕೋ."

ಜನ ನಕ್ಕರು. ನನ್ನ ಎದೆ ಒಂದಿಷ್ಟು ಹಗುರವಾಯಿತು. ಅವನು ಉಗ್ರಾಣದ ಕಥೆ ಹೇಳಿದ. ಉಪ್ಪಿಗೆ ರಾಜ ಹಾಕಿದ ತೆರಿಗೆ, ಮೋಸ ಮಾಡಲು ಹೆಂಗಸರು ಲಂಗದೊಳಗೆ ಕಟ್ಟಿಕೊಂಡು ಹೋಗುತ್ತಿದ್ದ ಚೀಲ. ದನಿ ಸಣ್ಣದು, ಆದರೆ ಕೇಳುತ್ತಿತ್ತು. ಮೇಡಂ ತಲೆಯಾಡಿಸುತ್ತಿದ್ದರು. ನಾನು ಮಧ್ಯದಲ್ಲಿ ನಡೆದೆ.

ಬೆರ್ತೀಲ್ ಅಜ್ಜಿಯ ಅಂಗಳದ ಗೇಟು ಬಂತು. ಇಲೇರ್ ಗೇಟು ತೆಗೆದ. ತೆಗೆದು ಪಕ್ಕಕ್ಕೆ ಸರಿದು ನಿಂತ.

ಜನ ಥ್ಯಾಂಕ್ಸ್ ಹೇಳುತ್ತಾ ಒಬ್ಬೊಬ್ಬರಾಗಿ ಒಳಗೆ ಹೋದರು. ಅವನು ಒಬ್ಬೊಬ್ಬರಿಗೂ ತಲೆ ಬಾಗಿಸಿದ. ನಾನೂ ದಾಟಿದೆ. ನನಗೂ ಹೊಳೆಯಲಿಲ್ಲ. ಎಷ್ಟು ವರ್ಷ ಅವನು ಹಾಗೇ ನಿಂತದ್ದನ್ನು ನೋಡಿದ್ದೇನೆ. ಅವನು ಅಲ್ಲಿ ನಿಲ್ಲುವುದೇ ಸರಿ ಅನ್ನಿಸಿತು.

ಅಂಗಳ ದಾಟಿದರೆ ಓಣಿ ಎರಡಾಗುತ್ತದೆ. ಒಂದು ಚರ್ಚಿಗೆ ಹತ್ತುತ್ತದೆ, ಇನ್ನೊಂದು ದೋಣಿಕಟ್ಟೆಗೆ ಇಳಿಯುತ್ತದೆ. ಮುಂದೆ ಹೋದವರು ನಿಂತು ಸುತ್ತ ನೋಡಿದರು. ಮುಂದೆ ಯಾರೂ ಇಲ್ಲ. ಕೆಲವರು ಮೇಲೆ ಹೋದರು, ಕೆಲವರು ಕೆಳಗೆ. ಒಬ್ಬ ಗಂಡಸು ಸಿಗರೇಟು ಹಚ್ಚಿದ.

"ಓದಿಲ್, ನಿಮ್ಮ ಮೈದುನ ಎಲ್ಲಿ?" ಮೇಡಂ ನನ್ನ ತೋಳು ಹಿಡಿದರು.

ತಿರುಗಿ ನೋಡಿದೆ. ಅಂಗಳದ ಆ ತುದಿಯಲ್ಲಿ ಇಲೇರ್ ಗೇಟಿನ ಚಿಲಕ ಹಾಕಿ, ಗಟ್ಟಿಯಾಗಿದೆಯೇ ಎಂದು ಜಗ್ಗಿ ನೋಡುತ್ತಿದ್ದ.

ಅವನು ತಿರುಗಿದ. ನಮ್ಮನ್ನು ಕಂಡ. ಏನಾಯಿತೆಂದು ಅವನಿಗೆ ತಿಳಿಯಿತು. ಓಡಿ ಬಂದ. ಚದುರಿದ ಜನರ ಬೆನ್ನುಗಳ ಮೇಲೆ ಕಣ್ಣಾಡಿಸಿದ.

"ಹಳದಿ ಕೋಟು ಎಲ್ಲಿ?"

"ಯಾವ ಹಳದಿ ಕೋಟು?" ಎಂದೆ.

"ಎಡಗಾಲು ಸ್ವಲ್ಪ ಎಳೀತಿದ್ದಾರಲ್ಲ, ಅವರು."

ಉತ್ತರಕ್ಕೆ ಕಾಯಲಿಲ್ಲ. ದೋಣಿಕಟ್ಟೆಯ ಕಡೆ ಓಡಿದ. ನಾನೂ ಹಿಂದೆ. ನಮ್ಮ ಕಟ್ಟೆ ನೀರಿನೊಳಕ್ಕೆ ಜಾರುವ ಕಲ್ಲಿನ ಇಳಿಜಾರು. ಬೇಸಿಗೆ ಮುಗಿದು ಹೊಳೆ ಏರುವಾಗ ಕೆಳಗಿನ ಕಲ್ಲುಗಳ ಮೇಲೆ ಪಾಚಿ ಇರುತ್ತದೆ. ನಮ್ಮೂರಿನವರು ಆಗ ಅಲ್ಲಿಗೆ ಇಳಿಯುವುದಿಲ್ಲ. ಹಳದಿ ಕೋಟಿನ ವಯಸ್ಸಾದ ಹೆಂಗಸು ಪಾಚಿಯ ಅಂಚಿನಲ್ಲಿ ನಿಂತು, ಫೋನು ಎತ್ತಿ ಫೋಟೋ ತೆಗೆಯುತ್ತಾ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಳು. ಹಿಂದೆ ಲುವಾರ್.

"ಕದಲಬೇಡಿ!"

ಇಲೇರ್ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಣ್ಣನ ದನಿಯೇ. ಕಟ್ಟೆಯ ಮೇಲಿದ್ದ ಎಲ್ಲರೂ ನಿಂತುಬಿಟ್ಟರು, ಆ ಹೆಂಗಸೂ ನಿಂತಳು. ಅವನು ಅಡ್ಡಡ್ಡ ಹೆಜ್ಜೆ ಇಡುತ್ತಾ ಇಳಿದು ಅವಳ ಮೊಣಕೈ ಹಿಡಿದು ಮೇಲೆ ಕರೆತಂದ. ಅವಳಿಗೆ ಏನೂ ಅರ್ಥವಾಗಲಿಲ್ಲ. "ಅಯ್ಯೋ, ಇಷ್ಟಕ್ಕೆ ಯಾಕೆ ಅಷ್ಟೊಂದು ಕಿರುಚ್ತೀರಿ?" ಎಂದಳು.

ಅಷ್ಟರಲ್ಲಿ ಪೆರ್ದ್ರಿಯೋ ಮೇಡಂ ಉಳಿದವರೊಂದಿಗೆ ಬಂದು ತಲುಪಿದರು. ಇಲೇರ್ ಅವರ ಮುಂದೆ ಟೋಪಿ ತೆಗೆದ.

"ಮೇಡಂ, ಯಂತ್ರಾನೇ ತನ್ನಿ. ನನ್ನಿಂದ ಆಗಲ್ಲ. ಕಾಲು ತಾನೇ ಹಿಂದೆ ನಿಂತ್ಕೊಳ್ತು."

ಮೇಡಂ ಬಾಯಿ ತೆರೆದರೆ ಒಪ್ಪಿಬಿಡುತ್ತಾರೆ ಎಂದು ಕಂಡಿತು. ನನಗೆ ಕಿಟಕಿಯ ಮೇಲಿನ ಅರ್ಧ ತುಂಬಿದ ಬಟ್ಟಲು ಕಣ್ಣ ಮುಂದೆ ಬಂತು. ಜನರನ್ನು ಸರಿಸಿ ಮುಂದೆ ಹೋದೆ.

"ನಾನು ಮುಂದೆ ನಡೀತೀನಿ," ಎಂದೆ. "ದಾರಿ ನಂಗೂ ಗೊತ್ತು. ನೀನು ಹಿಂದೇನೇ ಬಾ. ಅಲ್ಲಿಂದ್ಲೇ ಮಾತಾಡು."

"ಹಿಂದಿನಿಂದ ಯಾರಾದ್ರೂ ಮಾತಾಡ್ತಾರಾ ಅತ್ತಿಗೆ?"

"ಬಾತುಕೋಳಿ ಹೊಡ್ಕೊಂಡು ಹೋಗೋರು ಇನ್ನೆಲ್ಲಿಂದ ಕೂಗ್ತಾರೆ?"

ಸಿಗರೇಟಿನವನು 'ಕ್ವಾಕ್' ಎಂದ. ಯಾರೋ ನಕ್ಕರು. ಇಲೇರ್ ನಗಲಿಲ್ಲ, ಆದರೆ ಟೋಪಿ ಹಾಕಿಕೊಂಡ.

ನಡೆದೆವು. ಚರ್ಚಿನಲ್ಲಿ ಅವನು ಬಾಗಿಲ ಬಳಿಯೇ ನಿಂತು, ದೋಣಿಯವರು ಹರಕೆಗೆ ಕೊಟ್ಟು ಮೇಲೆ ತೂಗುಹಾಕಿದ ಪುಟ್ಟ ದೋಣಿಯ ಬಗ್ಗೆ ಹೇಳಿದ. ಜನ ತಿರುಗಿ ಅವನತ್ತ ನೋಡಿದರು. ಓಣಿಗಳಲ್ಲೂ ಹಾಗೇ. ಅವನು ಮಾತು ಶುರು ಮಾಡಿದಾಗಲೆಲ್ಲ ಜನ ಹಿಂದಿರುಗಿ ನಿಲ್ಲುತ್ತಿದ್ದರು, ಆರ್ಮೆಲ್ ಯಾವತ್ತೂ ತೋರಿಸದ ಮನೆಗಳ ಹಿತ್ತಲುಗಳು ಅವರಿಗೆ ಕಾಣುತ್ತಿದ್ದವು. ಅವನು ಅವುಗಳ ಬಗ್ಗೆಯೂ ಹೇಳತೊಡಗಿದ. ಅದು ಅಣ್ಣನ ಮಾತಲ್ಲ. ನಾನು ಪ್ರತಿ ತಿರುವಿನಲ್ಲೂ ಹಿಂದಕ್ಕೆ ಕಿವಿಗೊಟ್ಟೆ. ಈಗ ತಪ್ಪುತ್ತಾನೆ, ಈಗ ನಿಲ್ಲಿಸುತ್ತಾನೆ.

ಹೊಳೆ ಉಕ್ಕಿದ ಗುರುತುಗಳ ಗೋಡೆ ಬಂತು. ಬಿಳಿಕಲ್ಲಿನಲ್ಲಿ ಗೆರೆ ಕೊರೆದಿದ್ದಾರೆ, ಎಲ್ಲಕ್ಕಿಂತ ಮೇಲಿನದು ನನ್ನ ತಲೆಗಿಂತ ಎತ್ತರ. ನಾನು ಗೋಡೆ ದಾಟಿ ಮುಂದೆ ನಿಂತೆ, ಬೆನ್ನು ಹಾಕಿ. ಆ ಗೋಡೆ ನೋಡಲು ನನಗೆ ಇಷ್ಟವಿರಲಿಲ್ಲ. ಆರ್ಮೆಲ್ ಇಲ್ಲಿ ಕೈ ಚಾಚಿ ಆ ಗೆರೆ ಮುಟ್ಟುತ್ತಿದ್ದ.

ಹಿಂದಿನಿಂದ ಇಲೇರನ ದನಿ ಬಂತು.

"ನಮ್ಮಣ್ಣ ಇಲ್ಲಿ ಕೈ ಇಡ್ತಿದ್ದ. ನೀರು ಎಲ್ಲಿವರೆಗೆ ಬಂದಿತ್ತು ಅಂತ ತೋರಿಸ್ತಿದಾನೆ ಅಂದ್ಕೊಳ್ತಿದ್ರು ಎಲ್ಲರೂ. ಮೊದಮೊದಲು ಅದೇ. ಆಮೇಲಾಮೇಲೆ ಹಂಗಿರ್ಲಿಲ್ಲ. ಉಸಿರು ಸಿಗ್ತಿರ್ಲಿಲ್ಲ ಅವನಿಗೆ. ಗೋಡೆ ಹಿಡ್ಕೊಂಡು ನಿಂತಿರ್ತಿದ್ದ. ಹಿಂದಿನಿಂದ ನೋಡಿದ್ರೆ ಗೊತ್ತಾಗ್ತಿತ್ತು, ಬೆನ್ನು ಹಿಂಗೆ ಏಳ್ತಿತ್ತು. ಆಮೇಲೆ ತಿರುಗಿ ಒಂದು ಜೋಕು ಹೊಡೀತಿದ್ದ. ಮನೇಲಿ ಹೇಳ್ಬೇಡ ಅಂದಿದ್ದ."

ನಾನು ತಿರುಗಲಿಲ್ಲ. ತಿರುಗಿದ್ದರೆ ಅವನಿಗೆ ಹೊಡೆಯುತ್ತಿದ್ದೆನೇನೋ. ಕಾಲು ಎತ್ತಿ ಇಟ್ಟೆ. ಜನ ಹಿಂದೆ ಬಂದರು.

ಸೇತುವೆಯ ಬುಡದಲ್ಲಿ ಎಲ್ಲರೂ ಬಿಸಿ ರೊಟ್ಟಿಗೆ ಮಾಂಸ ತುಂಬಿಕೊಂಡು ತಿಂದು ಬಿಳಿ ವೈನ್ ಕುಡಿದರು. ಪೆರ್ದ್ರಿಯೋ ಮೇಡಂ ಬಂದು ನನ್ನ ಕೆನ್ನೆಗೆ ಕೆನ್ನೆ ತಾಗಿಸಿದರು. "ವಸಂತಕ್ಕೂ ನೀವೇ. ಇಬ್ಬರೂ," ಎಂದರು. ಹಳದಿ ಕೋಟಿನವಳು ಇಲೇರನ ಜೊತೆ ನಿಂತು ಫೋಟೋ ತೆಗೆಸಿಕೊಂಡಳು.

ನಾನು ಅವನನ್ನು ಪಕ್ಕಕ್ಕೆ ಕರೆದೆ.

"ಎಷ್ಟು ಕಾಲ ಗೊತ್ತಿತ್ತು ನಿಂಗೆ?"

"ಎರಡು ಬೇಸಿಗೆ."

"ನಿಂಗೂ ಹಂಗೇ ಆಗುತ್ತಾ?"

ಅವನು ತನ್ನ ಬೂಟು ನೋಡಿದ. "ಕಟ್ಟೆ ಹತ್ತುವಾಗ. ಒಂದೊಂದ್ಸಲ."

"ಮಂಗಳವಾರ ಪಟ್ಟಣದ ಡಾಕ್ಟರ್ ಹತ್ರ ಹೋಗ್ತೀವಿ. ಇಲ್ಲಾಂದ್ರೆ ಮುಂದೆ ನಡಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೋ."

"ಇನ್ಯಾರಿದಾರೆ ಅತ್ತಿಗೆ?"

"ಅದಕ್ಕೇ ಹೇಳ್ತಿರೋದು."

ಮಂಗಳವಾರ ಬಂದ, ಇಸ್ತ್ರಿ ಮಾಡಿದ ಅದೇ ಅಂಗಿಯಲ್ಲಿ. ಡಾಕ್ಟರು ಬಾಗಿಲು ತೆರೆದು ಅವನ ಹೆಸರು ಕರೆದರು. ಅವನು ಎದ್ದು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟ. ನಾನು ಅವನ ಬೆನ್ನ ಮೇಲೆ ಕೈಯಿಟ್ಟು ಒಳಗೆ ತಳ್ಳಿದೆ. ಅಂಗಿಯೊಳಗೆ ಬರೀ ಮೂಳೆ ಸಿಕ್ಕಿತು. ಬಾಗಿಲು ಮುಚ್ಚಿತು. ನಾನು ಹೊರಗೆ ಕುರ್ಚಿಯಲ್ಲಿ ಕುಳಿತೆ. ಒಳಗಿನ ಮಾತು ಕೇಳಿಸುತ್ತಿರಲಿಲ್ಲ.