ಅತ್ತಿಗೆ ತನ್ನ ಪಕ್ಷ ತಾನೇ ಆರಿಸಿಕೊಂಡದ್ದು

ನಮ್ಮ ಮನೆಯಲ್ಲಿ ರಾಜಕೀಯ ಪಕ್ಷ ಎಂಬುದು ಮೂಗು, ಗದ್ದದ ಹಾಗೆ ಹುಟ್ಟಿನಿಂದಲೇ ಬರುತ್ತಿತ್ತು. ಅಪ್ಪ ಗಿರಣಿ ಕಾರ್ಮಿಕ. ಮುಷ್ಕರದಲ್ಲಿ ಲಾಠಿ ಏಟು ತಿಂದಾಗ ಅವನ ಜೊತೆ ನಿಂತ ಪಕ್ಷಕ್ಕೆ ಅಂದಿನಿಂದ ಮನೆಯ ಓಟೆಲ್ಲ ಮೀಸಲು. ಅಣ್ಣನನ್ನು ಮದುವೆಯಾಗಿ ಬಂದ ಅತ್ತಿಗೆಯೂ ಅಪ್ಪ ಹೇಳಿದ ಗುರುತಿಗೇ ಓಟು ಹಾಕುತ್ತಿದ್ದರು.

ಅತ್ತಿಗೆ ಸಿಟಿ ಬಸ್ಸಿನ ಕಂಡಕ್ಟರ್. ಒಂದು ಚುನಾವಣೆಗೆ ಸ್ವಲ್ಪ ಮುಂಚೆ, ಡಿಪೋದವರು ಹೆಂಗಸರ ವಿಶ್ರಾಂತಿ ಕೋಣೆಗೆ ಹಳೆ ಟೈರು ತುಂಬಿ ಬೀಗ ಜಡಿದರು. ಅದರೊಳಗಿದ್ದ ಶೌಚಾಲಯವೂ ಹೋಯಿತು. ಹೆಂಗಸರು ಪಾಳಿಗೆ ಬರುವಾಗ ನೀರು ಕುಡಿಯುವುದನ್ನೇ ಬಿಟ್ಟರು. ಅತ್ತಿಗೆಗೆ ಉರಿಮೂತ್ರ ಶುರುವಾಯಿತು. ಜ್ವರ ಬಂದು ಹಾಸಿಗೆ ಹಿಡಿದರು. ಎದ್ದ ಮೇಲೆ ಸೀದಾ ನಮ್ಮ ಪಕ್ಷದ ಕಚೇರಿಗೆ ಹೋದರು.

ಅಲ್ಲಿನ ಕಾರ್ಯದರ್ಶಿ ಅಪ್ಪನ ಹಳೆಯ ಗೆಳೆಯ. "ಇದೆಲ್ಲ ಸಣ್ಣ ವಿಷಯ ಕಣಮ್ಮ. ಚುನಾವಣೆ ಮುಗೀಲಿ, ನೋಡೋಣ" ಎಂದ.

"ಹೊಟ್ಟೆ ಹಿಡ್ಕೊಂಡು ಬಸ್ಸಲ್ಲಿ ನಿಂತೋರಿಗೆ ಸಣ್ಣದಲ್ಲ ಸರ್" ಎಂದು ಅತ್ತಿಗೆ ಎದ್ದು ಬಂದರು.

ಎದುರು ಪಕ್ಷದ ಅಭ್ಯರ್ಥಿ ಮನೆಬಾಗಿಲಿಗೇ ಬಂದ. ಅತ್ತಿಗೆ ಬಾಯಿ ತೆರೆಯುವ ಮುಂಚೆಯೇ "ಆಯ್ತು ಅಂತ ತಿಳ್ಕೊಳಿ ಅಕ್ಕ" ಎಂದುಬಿಟ್ಟ.

"ಏನು ಆಯ್ತು ಅಂತ ಹೇಳಿ ನೋಡೋಣ."

ಆತ ಹಿಂದೆ ನಿಂತವರ ಮುಖ ನೋಡಿ, "ರಸ್ತೆ... ರಸ್ತೆ ತಾನೇ?" ಎಂದ. ನಗು ತಡೆಯಲಾರದೆ ನಾನು ಅಡುಗೆಮನೆಗೆ ಓಡಿದೆ.

ರಜೆಯ ದಿನ ಅತ್ತಿಗೆ ಎಲ್ಲ ಪಕ್ಷಗಳ ಪ್ರಣಾಳಿಕೆ ಹರಡಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಓದಿದರು. ಹೊಸದಾಗಿ ಹುಟ್ಟಿದ್ದ ಒಂದು ಸಣ್ಣ ಪಕ್ಷದಿಂದ ನಿವೃತ್ತ ನರ್ಸ್ ಒಬ್ಬರು ನಿಂತಿದ್ದರು. ಅವರ ಪಕ್ಷದ ಅರ್ಧ ಮಾತು ಅತ್ತಿಗೆಗೆ ಹಿಡಿಸಿತು, ಅರ್ಧ ಹಿಡಿಸಲಿಲ್ಲ. ಕೊನೆಗೆ ನಮ್ಮ ಪಕ್ಷದವರು, ಎದುರು ಪಕ್ಷದವರು, ಈ ನರ್ಸ್, ಮೂವರು ಅಭ್ಯರ್ಥಿಗಳನ್ನೂ ಡಿಪೋಗೆ ಕರೆದರು. ಬಂದವರು ನರ್ಸ್ ಒಬ್ಬರೇ. ಕಿಟಕಿಯಲ್ಲಿ ಇಣುಕಿ ಟೈರಿನ ರಾಶಿ ನೋಡಿದರು, ಯಾರ್ಯಾರಿಗೆ ಏನೇನು ಕಾಯಿಲೆಯಾಗಿದೆ ಎಂದು ಪಕ್ಕಕ್ಕೆ ಕರೆದು ಕೇಳಿದರು.

"ಗೆದ್ರೂ ಈ ಬೀಗ ನಾನೊಬ್ಬಳೇ ತೆಗೆಸ್ತೀನಿ ಅಂತ ಸುಳ್ಳು ಹೇಳಲ್ಲ. ಆದ್ರೆ ಮ್ಯಾನೇಜರ್ ಬಾಗಿಲಲ್ಲಿ ನಿಮ್ಮ ಜೊತೆ ಬಂದು ಕೂರ್ತೀನಿ" ಎಂದರು. ಮರುದಿನವೇ ಬಂದು ಕೂತರು.

ಅತ್ತಿಗೆ ಅಪ್ಪನಿಗೆ ಊಟದ ಹೊತ್ತಲ್ಲೇ ಹೇಳಿದರು: "ಮಾವ, ನನ್ನ ಓಟು ಈ ಸಲ ಬೇರೆ ಕಡೆ. ಕದ್ದು ಹಾಕೋಕೆ ಮನಸ್ಸಿಲ್ಲ, ಅದಕ್ಕೇ ಹೇಳ್ತಿದೀನಿ."

ಅಪ್ಪ ಕೇಳಿದ, "ನಾನು ಏಟು ತಿಂದದ್ದು ಮರೆತುಬಿಟ್ಯೇನಮ್ಮ?"

"ಇಲ್ಲ ಮಾವ. ಅವತ್ತು ನಿಮ್ಮ ಜೊತೆ ಯಾರು ನಿಂತ್ರೋ ಅವರನ್ನ ನೀವು ಆರಿಸ್ಕೊಂಡ್ರಿ. ನಾನೂ ಅಷ್ಟೇ ಮಾಡ್ತಿರೋದು."

ಅಪ್ಪ ಕೈತೊಳೆದು ಎದ್ದ.

ಮತದಾನದ ದಿನ ಎಲ್ಲರೂ ಜೊತೆಯಾಗಿಯೇ ಹೋದೆವು. ಮತಗಟ್ಟೆಯ ರಸ್ತೆಯಲ್ಲಿ ಕಾರ್ಯದರ್ಶಿ ಅಪ್ಪನನ್ನು ತಡೆದು, "ಸೊಸೆಗೆ ಸ್ವಲ್ಪ ಬುದ್ಧಿ ಹೇಳಬಾರದಿತ್ತಾ ಮಾರಾಯ?" ಎಂದ.

ಅಪ್ಪ ಅತ್ತಿಗೆಯ ಪಕ್ಕಕ್ಕೆ ಸರಿದು ನಿಂತ. "ಬುದ್ಧಿ ಅವಳಿಗೆ ಬೇಕಾದಷ್ಟಿದೆ. ಡಿಪೋಗೆ ಕರೆದಾಗ ನಿಮ್ಮವರು ಯಾಕೆ ಹೋಗ್ಲಿಲ್ಲ, ಅದನ್ನ ಹೇಳು."

ಕಾರ್ಯದರ್ಶಿ ಬೇರೆ ಮತದಾರರ ಕಡೆ ತಿರುಗಿದ. ಆದರೂ ಅಪ್ಪ ಒಳಗೆ ಹೋಗಿ ತನ್ನ ಹಳೆಯ ಗುರುತಿಗೇ ಒತ್ತಿ ಬಂದ. ಹಾಗೆಂದು ತಾನೇ ಹೇಳಿಯೂಬಿಟ್ಟ. ಅತ್ತಿಗೆ ನಕ್ಕರು.

ನರ್ಸ್ ಸೋತರು. ಸೋತ ಮೇಲೂ ಹೆಂಗಸರ ಜೊತೆ ಮ್ಯಾನೇಜರ್ ಬಾಗಿಲಿಗೆ ಬರುವುದನ್ನು ಬಿಡಲಿಲ್ಲ. ಕಡೆಗೊಂದು ದಿನ ಟೈರುಗಳು ಹೊರಬಂದವು, ಕೋಣೆಗೆ ಸುಣ್ಣ ಬಳಿದರು.

ಅತ್ತಿಗೆ ಆ ಪಕ್ಷದ ಸದಸ್ಯೆಯಾದರು. ಮೊದಲ ಸಭೆಗೆ ಅಪ್ಪನೂ, ಕಾಲಾಡಿಸಿಕೊಂಡು ಬರುತ್ತೇನೆ ಎಂಬ ನೆಪ ಹೇಳಿ ನಮ್ಮ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಬಸ್ ಟಿಕೆಟ್ ದರದ ವಿಷಯದಲ್ಲಿ ಅತ್ತಿಗೆ ಎದ್ದು ನಿಂತು ನರ್ಸಮ್ಮನ ಮಾತನ್ನೇ ಒಪ್ಪದೆ ವಾದಿಸತೊಡಗಿದರು. ಯಾರಪ್ಪ ಈಕೆ ಎಂದು ಪಕ್ಕದವ ಕೇಳಿದ.

"ನಮ್ಮ ಸೊಸೆ" ಎಂದ ಅಪ್ಪ, ಮುಂದಿನ ಸಾಲಿನವರಿಗೂ ಕೇಳುವ ಹಾಗೆ.