ಒಳಗೆ ಬಿಟ್ಟ ಬಟ್ಟೆ

ಮೊದಲ ನೋಟಕ್ಕೆ ಅವಳು ಲಾಭದ ಗಿರಾಕಿಯಲ್ಲ. ಉದ್ದನೆಯ ಒಣಕಲು ಮೈ, ಬಣ್ಣ ಬಿಟ್ಟ ಲಂಗ, ಕೊರಳಲ್ಲಿ ಸರದ ಬದಲು ಅಳತೆ ಟೇಪು. ಮುಖ ಮಾಸಲು ಸರಕು. ಯಾರೂ ಎರಡನೇ ಸಲ ತಿರುವಿ ನೋಡುವುದಿಲ್ಲ. ಕೈ ಮಾತ್ರ ಮೊದಲ ದರ್ಜೆ. ನಾಲಿಗೆಯ ವಿಷಯ ಕೇಳಬೇಡಿ. ನಮ್ಮ ಗುಂಡಿ-ನೂಲಿನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವಳ ಚೌಕಾಸಿ ಶುರುವಾಗಿರುತ್ತಿತ್ತು. ನೂಲನ್ನು ಎರಡು ಕೈಗಳ ನಡುವೆ ಹಿಡಿದು ಟಪ್ಪೆಂದು ಎಳೆದು, "ಇದು ನೂಲೋ ನಿಮ್ಮ ಮಾತೋ ಸಾಹುಕಾರ್ರೇ? ಜಗ್ಗಿದ್ರೆ ನಿಲ್ಲೋದೇ ಇಲ್ವಲ್ಲ" ಅನ್ನುವಳು. ಬೀದಿಯವರು ಅವಳನ್ನು ಕತ್ತರಿಯಕ್ಕ ಎಂದು ಕರೆಯುತ್ತಿದ್ದರು. ಅದು ಅವಳ ಕಸುಬಿಗೆ ಸಂದ ಗೌರವ ಎಂದು ನಂಬಿದ್ದವಳು ಅವಳೊಬ್ಬಳೇ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೂವರೆ ಕೋಣೆ ಅವಳ ಮನೆ, ಅದೇ ಕಾರ್ಖಾನೆ. ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ. ಗೋಡೆಯ ಮೊಳೆಗಳಿಗೆ ತೋಳಿಲ್ಲದ, ಕಾಲರಿಲ್ಲದ ಅರೆಬರೆ ಬಟ್ಟೆಗಳು. ಪರದೆಯ ಆಚೆ ಮಂಚ, ಒಲೆ ಮತ್ತು ಅತ್ತೆ. ಗಂಡ ವೈರಿಂಗ್ ಕೆಲಸದವನು. ಊರಿನ ಮನೆಗಳಿಗೆಲ್ಲ ಬೆಳಕು ಕೊಡುವ ಪುಣ್ಯಾತ್ಮನ ಮನೆಯ ಬಲ್ಬು ಮಾತ್ರ ಮಿಣುಕು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಅತ್ತೆ ಅವನಿಗೆಂದೇ ಎತ್ತಿಟ್ಟಿದ್ದಳು. ಮದುವೆಯಾಗಿ ಹತ್ತು ವರ್ಷದ ಮೇಲಾಗಿತ್ತು. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಅದನ್ನು ಬಿಟ್ಟು ಮಿಕ್ಕೆಲ್ಲದರ ಬಗ್ಗೆ ಜಗಳವಾಗುತ್ತಿತ್ತು.

ಕತ್ತರಿಯಕ್ಕನ ಹೊಲಿಗೆಗೆ ಒಂದು ಗುಟ್ಟಿತ್ತು. ಬೇರೆ ದರ್ಜಿಗಳು ಬಟ್ಟೆ ಉಳಿಸಲು ಅಂಚಿಗೆ ತಾಗಿಸಿ ಹೊಲಿಯುತ್ತಿದ್ದರು. ಇವಳು ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದಳು. "ಮೈ ಅನ್ನೋದು ಇವತ್ತಿದ್ದಂಗೆ ನಾಳೆ ಇರಲ್ಲ. ಅದು ಕೇಳಿದಾಗ ಕೊಡೋದಕ್ಕೆ ಒಳಗೆ ಒಂಚೂರು ಇರಬೇಕು." ಗಿರಾಕಿಗಳು ದಪ್ಪವಾದರೆ ಹೊಲಿಗೆ ಬಿಚ್ಚಿ ಅಗಲ ಮಾಡಿ ಕೊಡುತ್ತಿದ್ದಳು. ಅವಳು ಹೊಲಿದ ಬಟ್ಟೆ ಬಿಗಿಯಾಯಿತೆಂದು ಯಾರೂ ಎಸೆದದ್ದಿಲ್ಲ. ಅದೇ ಅವಳ ಹೆಮ್ಮೆ. ಅದೇ ಅವಳನ್ನು ತಿಂದದ್ದು.

ಏಕೆಂದರೆ ತನ್ನ ಲಂಗದ ಸೊಂಟ ಬಿಗಿಯಾದಾಗ, ಬೇರೆ ಹೆಂಗಸಾಗಿದ್ದರೆ ಹೊಟ್ಟೆಯ ಮೇಲೆ ಕೈಯಿಟ್ಟು ಯೋಚಿಸುತ್ತಿದ್ದಳು. ಇವಳು ಹೊಲಿಗೆ ಬಿಚ್ಚಿದಳು. ಮತ್ತೆ ಬಿಗಿಯಾಯಿತು, ಮತ್ತೆ ಬಿಚ್ಚಿದಳು. ಒಳಗೆ ಬಿಟ್ಟ ಬಟ್ಟೆಯೆಲ್ಲ ಖರ್ಚಾದ ಮೇಲೆ ಪಕ್ಕಕ್ಕೊಂದು ತ್ರಿಕೋನದ ತುಂಡು ಕೂಡಿಸಿದಳು. ಕೈಕಾಲು ಕಡ್ಡಿಯಂತೆಯೇ ಇದ್ದವು, ಕೆನ್ನೆ ಒಳಗೆ ಹೋಗಿತ್ತು, ಹೊಟ್ಟೆ ಮಾತ್ರ ಮುಂದೆ. ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತಿತ್ತು. ಯಂತ್ರ ಬಿಟ್ಟು ಪದೇಪದೇ ಬಚ್ಚಲಿಗೆ ಏಳಬೇಕಾಗುತ್ತಿತ್ತು. ಎಡಗಡೆ ಕೆಳಹೊಟ್ಟೆಯಲ್ಲಿ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತಂತೆ ಭಾರ. ಕೂತು ಕೂತು ಹೀಗಾಗಿದೆ ಎಂದುಕೊಂಡಳು. ಊರವರ ಸೊಂಟ ಅಳೆಯುವವಳು ತನ್ನ ಸೊಂಟಕ್ಕೆ ಟೇಪು ಸುತ್ತಲಿಲ್ಲ.

ಮೊದಲು ಕಂಡುಹಿಡಿದದ್ದು ಅತ್ತೆ. ಒಂದು ಬೆಳಗ್ಗೆ ಪರದೆ ಸರಿಸಿ ನಿಂತು ಸೊಸೆಯನ್ನು ಓರೆಯಲ್ಲಿ ನೋಡಿದಳು.

"ಎಷ್ಟು ದಿನದಿಂದ ಬಚ್ಚಿಟ್ಟಿದ್ದೀಯೇ, ಕಳ್ಳಿ?"

"ಏನನ್ನ ಅತ್ತೆ?"

"ನನ್ನ ಕಣ್ಣಿಗೆ ಪೊರೆ ಬಂದಿರಬಹುದು, ಕುರುಡು ಬಂದಿಲ್ಲ. ಎದ್ದು ನಿಂತ್ಕೋ, ನೋಡೋಣ."

ಕತ್ತರಿಯಕ್ಕ ಎದ್ದು ನಿಂತಳು. ಅತ್ತೆಯ ಕಣ್ಣಲ್ಲಿ ನೀರು. ಇಷ್ಟು ವರ್ಷ ಮಾತಿಗೊಂದು ಕೊಂಕು ಪೋಣಿಸುತ್ತಿದ್ದ ಮುದುಕಿ ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಆಗಲೇ ಹೇಳಬೇಕಿತ್ತು, ಮುಟ್ಟು ನಿಂತಿಲ್ಲ ಅತ್ತೆ, ಲೆಕ್ಕ ತಪ್ಪಿದೆ ಅಷ್ಟೇ, ಎಂದು. ಬಾಯಿ ಬರಲಿಲ್ಲ. ಊರಿಗೆಲ್ಲ ಜವಾಬು ಕೊಡುವ ಬಾಯಿ ಅದು.

ಮಾರನೆಯ ದಿನ ದೂರದ ಔಷಧಿ ಅಂಗಡಿಗೆ ಹೋಗಿ ಗರ್ಭಪರೀಕ್ಷೆಯ ಪಟ್ಟಿ ತಂದಳು. ಒಂದೇ ಗೆರೆ ಮೂಡಿತು, ಬಸಿರಿಲ್ಲ ಎಂದು. ಪಟ್ಟಿ ಹಳೆಯದಿರಬೇಕು ಎಂದು ಇನ್ನೊಂದು ಅಂಗಡಿಯಿಂದ ಇನ್ನೊಂದು ತಂದಳು. ಅದರಲ್ಲೂ ಒಂದೇ ಗೆರೆ. ನೂಲಿನಲ್ಲಿ ಮೋಸ ಮಾಡುವವರಿರುವಾಗ ಔಷಧಿಯಲ್ಲಿ ಇರುವುದಿಲ್ಲವೇ? ಎರಡನ್ನೂ ಚಿಂದಿಬಟ್ಟೆಯ ಚೀಲದ ತಳಕ್ಕೆ ತುರುಕಿದಳು. ಡಾಕ್ಟರ ಹತ್ತಿರ ಹೋಗುವ ಮಾತನ್ನು ಗಂಡ ಎತ್ತಿದಾಗಲೆಲ್ಲ ಕೈಯಲ್ಲಿರುವ ಕೆಲಸದ ನೆವ ಹೇಳಿದಳು. ಸುಳ್ಳನ್ನೇನೂ ಹೇಳಲಿಲ್ಲ, ನಿಜವನ್ನು ಮುಂದೂಡಿದಳು. ಡಾಕ್ಟರು ಇಲ್ಲ ಅಂದುಬಿಟ್ಟರೆ ಇಲ್ಲವೇ ಆಗಿಹೋಗುತ್ತಲ್ಲ.

ಅತ್ತೆ ಹಳೆಯ ಮೆತ್ತನೆ ಬಟ್ಟೆಯ ತುಂಡೊಂದನ್ನು ತಂದು ಯಂತ್ರದ ಮೇಲಿಟ್ಟಳು. "ಒಂದು ಕುಲಾವಿ ಹೊಲಿಯೇ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ರು ಅಂತ ನಾಲ್ಕು ಜನ ಆಡ್ಕೋತಾರೆ, ಅತ್ತೆ."

"ಆಡ್ಕೊಳ್ಳಲಿ. ಹೊಲಿಯೋಳ ಮನೇಲಿ ಕುಲಾವಿ ಬರ ಅಂತಲೂ ಆಡ್ಕೋತಾರೆ."

ಅವಳು ಹೊಲಿಯಲಿಲ್ಲ. ಬಟ್ಟೆಯನ್ನು ಹಿಂದಕ್ಕೂ ಕೊಡಲಿಲ್ಲ. ಗಂಡ ಮಂಚದ ಪಕ್ಕಕ್ಕೆ ಹೊಸ ವೈರು ಎಳೆದು, ಬಲ್ಬು ಬದಲಾಯಿಸಿದ. ಆ ಕೋಣೆಯಲ್ಲಿ ಮೊದಲ ಸಲ ಎಲ್ಲರ ಮುಖ ಎಲ್ಲರಿಗೂ ಸರಿಯಾಗಿ ಕಂಡಿತು. ಅವಳಿಗೆ ಆ ಬೆಳಕಿನಲ್ಲಿ ಕೂರುವುದೇ ಶಿಕ್ಷೆಯಾಯಿತು.

ಒಂದು ಮಧ್ಯಾಹ್ನ ಅತ್ತೆ ಹೊರಗೆ ಹೋಗಿದ್ದಾಗ ಗಲ್ಲಾದಮ್ಮ ಹೊಸ ನಿಲುವಂಗಿಯ ಅಳತೆ ನೋಡಲು ಬಂದಿದ್ದಳು. ಗಲ್ಲಾದಮ್ಮ ಎಂದರೆ ಗುಂಡಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಯಜಮಾನಿ, ಇದನ್ನು ಬರೆಯುತ್ತಿರುವವನ ಹೆಂಡತಿ. ಕತ್ತರಿಯಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಿಲುವಂಗಿಯ ಅಂಚು ಮಡಿಸಲು ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಒದ್ದೆ ಬಟ್ಟೆಯನ್ನು ಹಿಂಡುವಂತೆ ಹೊಟ್ಟೆಯೊಳಗೆ ಯಾರೋ ತಿರುಚುತ್ತಿದ್ದರು, ತಿರುಚಿದ್ದನ್ನು ಬಿಡುತ್ತಿರಲಿಲ್ಲ. ಗುಂಡುಸೂಜಿಗಳನ್ನು ಉಗುಳಿದಳು, ಆಮೇಲೆ ವಾಂತಿ ಮಾಡಿಕೊಂಡಳು. ಹಣೆ ತಣ್ಣಗಾಯಿತು.

ಗಲ್ಲಾದಮ್ಮ ಫೋನು ಹಚ್ಚಿದಳು. "ರೀ, ಮಾಲಿನ ಗಾಡಿ ತಗೊಂಡು ಬನ್ನಿ. ಯಾಕೆ ಏನು ಅಂತ ಕೇಳ್ತಾ ನಿಂತ್ರೆ ಇಲ್ಲಿ ಹೆಣ ಬೀಳುತ್ತೆ."

ಬಟ್ಟೆಯ ಗಂಟುಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದದ್ದಾಯಿತು. ದಾರಿಯುದ್ದಕ್ಕೂ ಅವಳು ಗಲ್ಲಾದಮ್ಮನ ಕೈಯನ್ನು ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಒಂದೇ ಮಾತು ಹೇಳಿದಳು: "ಅತ್ತೆಗೆ ಈಗಲೇ ಹೇಳ್ಬೇಡಿ."

ಕತ್ತಲೆ ಕೋಣೆಯಲ್ಲಿ ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ ಸವರಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಅಲ್ಲಿ ಒಂದು ದೊಡ್ಡ ಕಪ್ಪು ಗುಂಡು, ಮತ್ತೇನೂ ಇಲ್ಲ.

"ಇದು ಗರ್ಭ ಅಲ್ಲಮ್ಮ. ಎಡಗಡೆ ಅಂಡಾಶಯದಲ್ಲಿ ನೀರು ತುಂಬಿದ ಚೀಲ ಬೆಳೆದಿದೆ. ಅದರ ಭಾರಕ್ಕೆ ಅಂಡಾಶಯ ಬುಡದಲ್ಲಿ ತಿರುಚಿಕೊಂಡು ಅದಕ್ಕೆ ರಕ್ತ ಹೋಗ್ತಿಲ್ಲ. ಈಗಲೇ ಆಪರೇಷನ್ ಆಗ್ಬೇಕು. ಇಷ್ಟು ದೊಡ್ಡದಾಗೋವರೆಗೆ ಏನು ಮಾಡ್ತಿದ್ರಿ?"

"ಹೊಲಿಗೆ ಬಿಚ್ತಿದ್ದೆ" ಎಂದಳು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದ ಗಂಡ ಅತ್ತೆಯನ್ನು ಕರೆದುಕೊಂಡು ಓಡಿಬಂದಿದ್ದ. ಮುದುಕಿ ಬಾಗಿಲಲ್ಲಿದ್ದ ನರ್ಸನ್ನು ತಳ್ಳಿಕೊಂಡೇ ಒಳಗೆ ಬಂದಳು. ಡಾಕ್ಟರಮ್ಮನ ಕೋಟಿನ ತೋಳು ಹಿಡಿದು ಕೇಳಿದಳು: "ಮಗು ಉಳೀತಾ, ತಾಯೀ?"

ಉತ್ತರವನ್ನು ಮಲಗಿದ್ದವಳೇ ಕೊಟ್ಟಳು.

"ಮಗು ಇಲ್ಲ ಅತ್ತೆ. ಇರ್ಲೇ ಇಲ್ಲ."

"ಹೋಯ್ತಾ?"

"ಹೋಗ್ಲಿಲ್ಲ. ಬಂದೇ ಇರ್ಲಿಲ್ಲ. ನಂಗೆ ಗೊತ್ತಿತ್ತು."

ಗಂಡ ಗೋಡೆ ಕಡೆ ತಿರುಗಿ, ಅಲ್ಲಿದ್ದ ಸ್ವಿಚ್ಚಿನ ಮೇಲೆ ಸುಮ್ಮನೆ ಬೆರಳಾಡಿಸಿದ. ಅತ್ತೆ ಸ್ಟೂಲು ಎಲ್ಲಿದೆ ಎಂದು ಕೈಯಲ್ಲೇ ತಡಕಿ ಕೂತಳು. ಆ ನೋವಿನಲ್ಲೂ ಕತ್ತರಿಯಕ್ಕನಿಗೆ ನೆನಪಾದದ್ದು ಯಂತ್ರದ ಮೇಲಿನ ಮೆತ್ತನೆ ಬಟ್ಟೆ.

ಡಾಕ್ಟರಮ್ಮ ಅವಸರದಲ್ಲೇ ಇನ್ನಷ್ಟು ಹೇಳಿದಳು. ಬಲಗಡೆಯದರಲ್ಲೂ ಚಿಕ್ಕ ಚೀಲವೊಂದು ಕಾಣುತ್ತಿದೆ. ತೆರೆದು ನೋಡದೆ ಅದು ಎಂಥದು ಎಂದು ಹೇಳಲಾಗದು. ಕೆಟ್ಟದ್ದಾಗಿದ್ದರೆ ಎರಡನ್ನೂ ತೆಗೆಯಬೇಕಾಗಬಹುದು.

ಎರಡೂ ಹೋದರೆ ಮುಗಿಯಿತು. ಮುಟ್ಟು ಮುಗಿಯಿತು, ಹತ್ತು ವರ್ಷದ ಕಾಯುವಿಕೆಯೂ ಮುಗಿಯಿತು. ಅವಳು ಡಾಕ್ಟರಮ್ಮನ ಕೈ ಹಿಡಿದಳು. ಜೀವನದಲ್ಲಿ ಮೊದಲ ಸಲ ಅವಳು ಚೌಕಾಸಿ ಮಾಡಲಿಲ್ಲ, ಬೇಡಿದಳು.

"ಹೋದದ್ದು ಹೋಗ್ಲಿ ಅಮ್ಮಾ. ಇನ್ನೊಂದರಲ್ಲಿ, ಆದಷ್ಟು... ಒಳಗೆ ಒಂಚೂರು ಬಿಡಿ."

"ಬಿಡೋ ಹಾಗಿದ್ರೆ ಬಿಡ್ತೀನಿ. ಮಾತು ಕೊಡಲ್ಲ."

ಎಡಗಡೆಯದು ಕಪ್ಪಾಗಿ ಸತ್ತುಹೋಗಿತ್ತು, ತೆಗೆದರು. ಬಲಗಡೆಯದರಿಂದ ಚೀಲವನ್ನು ಮಾತ್ರ ಬಿಡಿಸಿ ಅಂಡಾಶಯ ಉಳಿಸಿದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ದಿನಗಳನ್ನು ಅವಳು ಹೇಗೆ ಕಳೆದಳೆಂದು ಗಂಡನಿಗೂ ಗೊತ್ತಿಲ್ಲ. ಯಂತ್ರದ ಮುಂದೆ ಕೂರುತ್ತಿದ್ದಳು, ಸೂಜಿಗೆ ನೂಲು ಏರಿಸುತ್ತಿದ್ದಳು, ತೆಗೆಯುತ್ತಿದ್ದಳು. ಕ್ಯಾನ್ಸರಲ್ಲ ಎಂದು ತಿಳಿದ ದಿನವೂ ನಗಲಿಲ್ಲ. "ಮಗು?" ಎಂದಷ್ಟೇ ಕೇಳಿದಳು.

"ಒಂದು ಅಂಡಾಶಯ ಇದ್ರೂ ಆಗಬಹುದು. ಆಗುತ್ತೆ ಅಂತ ನಾನು ಹೇಳಲಾರೆ. ವಯಸ್ಸೂ ನೋಡ್ಬೇಕಲ್ಲ" ಎಂದಳು ಡಾಕ್ಟರಮ್ಮ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಸಮಾಧಾನವಾಗಿ ತಿಳಿಸಿದಳು. ಅಂಡಾಶಯದಲ್ಲಿ ಇಂಥ ಗುಳ್ಳೆ ಏಳುವುದು ಹೆಂಗಸರಲ್ಲಿ ಸಾಮಾನ್ಯ. ಹೆಚ್ಚಿನವು ಎದ್ದದ್ದೂ ಗೊತ್ತಾಗದಂತೆ ತಾವಾಗಿ ಕರಗುತ್ತವೆ, ಹೆದರಬೇಕಿಲ್ಲ. ಕೆಲವು ಉಳಿದು ಬೆಳೆಯುತ್ತವೆ. ಮೈ ಸೊರಗಿ ಹೊಟ್ಟೆ ಮಾತ್ರ ಬೆಳೆದರೆ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದರೆ, ಕೆಳಹೊಟ್ಟೆಯಲ್ಲಿ ಬಿಡದ ಭಾರವಿದ್ದರೆ ತೋರಿಸಬೇಕು. ಮುಟ್ಟು ನಿಂತ ವಯಸ್ಸಿನವರಂತೂ ತಡಮಾಡಲೇಬಾರದು. ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ ಬಂದರೆ ಆ ಗಳಿಗೆಯಲ್ಲೇ ಓಡಬೇಕು.

ಮನೆಯಲ್ಲಿ ಅತ್ತೆ ಮಾತು ಬಿಟ್ಟಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕುಲಾವಿಯ ಬಟ್ಟೆ ಯಂತ್ರದ ಮೇಲಿಂದ ಯಾವಾಗಲೋ ಮಾಯವಾಗಿತ್ತು. ಒಂದು ದಿನ ಮುದುಕಿ ಆ ತ್ರಿಕೋನದ ತುಂಡಿನ ಲಂಗವನ್ನು ತಂದು ಸೊಸೆಯ ಮಡಿಲಿಗೆ ಹಾಕಿದಳು.

"ಇದು ಜಾರಿ ಬೀಳ್ತಿದೆ. ಒಳಗೆ ಹಿಡಿದು ಹೊಲಿ."

"ಇಷ್ಟು ದಿನ ಮಾತಾಡಲಿಲ್ವಲ್ಲ ಅತ್ತೆ."

"ನೀನು ಅಷ್ಟು ತಿಂಗಳು ಮಾತಾಡ್ಲಿಲ್ವಲ್ಲೇ. ನಂಗೆ ಮಗು ಬೇಕಿತ್ತು, ನಿಜ. ನಿನ್ನ ಹೆಣ ಬೇಕು ಅಂದಿದ್ನಾ?" ಎಂದು ಪರದೆ ಎಳೆದುಕೊಂಡು ಆಚೆ ಹೋದಳು. ಆಚೆಯಿಂದ ಮೂಗು ಸೀಟಿದ ಸದ್ದು ಬಂತು.

ಅಲ್ಲಿಂದ ಮುಂದೆ ಕತ್ತರಿಯಕ್ಕನ ವ್ಯಾಪಾರ ಕೆಟ್ಟಿತು. ಸೊಂಟ ಅಗಲ ಮಾಡಿಕೊಡು ಎಂದು ಯಾರು ಬಂದರೂ ಮೊದಲು ತೋಳು ಅಳೆಯುವಳು. ತೋಳೂ ದಪ್ಪವಾಗಿದ್ದರೆ ಸರಿ, ಹೊಲಿಗೆ ಬಿಚ್ಚುವಳು. ತೋಳು ಹಾಗೇ ಇದ್ದು ಸೊಂಟ ಮಾತ್ರ ಬೆಳೆದಿದ್ದರೆ ಬಟ್ಟೆ ಮಡಿಸಿ ಕೈಗೆ ಕೊಡುವಳು. "ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ. ಆಮೇಲೆ ಬಿಚ್ತೀನಿ." ಕೆಲವರು ಗಾಬರಿಗೊಂಡು ಹೋಗಿ ಏನೂ ಇಲ್ಲವೆಂದು ಬಂದು ಉಗಿದರು. ಒಬ್ಬಳಂತೂ, "ಕತ್ತರಿ ಹಿಡಿದೋರೆಲ್ಲ ಡಾಕ್ಟ್ರಾದ್ರೆ ಕ್ಷೌರದೋನು ಏನಾಗ್ಬೇಕು?" ಎಂದು ಬಟ್ಟೆ ಕಿತ್ತುಕೊಂಡು ಎದುರು ಬೀದಿಯ ದರ್ಜಿಗೆ ಕೊಟ್ಟಳು. ಕತ್ತರಿಯಕ್ಕ ಜಗ್ಗಲಿಲ್ಲ.

ಮುಟ್ಟು ನಿಂತು ಆಗಲೇ ಕೆಲವು ವರ್ಷಗಳಾಗಿದ್ದ ಗಲ್ಲಾದಮ್ಮ ಒಂದು ದಿನ ಅದೇ ನಿಲುವಂಗಿ ಹಿಡಿದುಕೊಂಡು ಹೋದಳು. ಹೊಟ್ಟೆಯ ಹತ್ತಿರ ಹಿಡಿಯುತ್ತಿತ್ತು. ಕತ್ತರಿಯಕ್ಕ ತೋಳಿಗೆ ಟೇಪು ಸುತ್ತಿದಳು, ಸೊಂಟಕ್ಕೆ ಸುತ್ತಿದಳು, ಮತ್ತೆ ತೋಳಿಗೆ ಸುತ್ತಿದಳು. ತೋಳು ಹಾಗೇ ಇತ್ತು, ಸೊಂಟ ಮಾತ್ರ ಬೆಳೆದಿತ್ತು.

"ಬಿಚ್ಚಲ್ಲ."

"ಕೂತು ತಿಂತೀನಲ್ಲೇ, ಗಾಳಿ ತುಂಬಿರುತ್ತೆ. ಬಿಚ್ಚಿ ಕೊಡೇ."

"ಕಾಲು ಹಿಡ್ಕೋತೀನಿ, ಅಮ್ಮಾ. ನಾನು ಬಿಚ್ಚಿದ್ದು ಸಾಕು. ನಡೀರಿ, ನಾನೂ ಬರ್ತೀನಿ."

ಅವಳು ಯಂತ್ರಕ್ಕೆ ಮುಸುಕು ಹಾಕಿ ಹೊರಟದ್ದನ್ನು ನೋಡಿ ಗಲ್ಲಾದಮ್ಮ ಚಪ್ಪಲಿ ಮೆಟ್ಟಿದಳು. ಅವಳ ಅಂಡಾಶಯದಲ್ಲಿದ್ದದ್ದು ನೀರಿನ ಗುಳ್ಳೆಯಾಗಿರಲಿಲ್ಲ, ಕೆಟ್ಟ ಗಡ್ಡೆ. ಇನ್ನೂ ಅಲ್ಲೇ ಇದೆ, ಬೇರೆಲ್ಲೂ ಹಬ್ಬಿಲ್ಲ ಎಂದರು. ಆಪರೇಷನ್ ಆಯಿತು, ಕೂದಲುದುರುವ ಔಷಧವೂ ಆಯಿತು. ಬೋಳಾದ ತಲೆಗೆ ಮೆತ್ತನೆ ಬಟ್ಟೆಯ ಟೋಪಿಯೊಂದನ್ನು ಕತ್ತರಿಯಕ್ಕ ಹೊಲಿದು ತಂದಳು. ಅದು ಯಾವ ಬಟ್ಟೆಯೆಂದು ಹೇಳಲಿಲ್ಲ. ಪಕ್ಕದಲ್ಲಿದ್ದ ಅತ್ತೆ ತಲೆ ತಗ್ಗಿಸಿಕೊಂಡಿದ್ದಳು.

ಕತ್ತರಿಯಕ್ಕನಿಗೆ ಮಕ್ಕಳಾಗಲಿಲ್ಲ. ಉಳಿದ ಒಂದನ್ನು ತೋರಿಸಲು ಆಗಾಗ ಸ್ಕ್ಯಾನಿಗೆ ಹೋಗುತ್ತಾಳೆ; ಪ್ರತಿ ಸಲವೂ ಆ ತಣ್ಣನೆ ಲೋಳೆ ಸವರುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳಂತೆ. ನೂಲಿಗೆ ಬಂದಾಗ ಈಗಲೂ ಜಗ್ಗಿ ನೋಡಿ ಬೈಯುತ್ತಾಳೆ. ಗಲ್ಲಾದ ಹಿಂದೆ ಕೂತ ನನ್ನ ಹೆಂಡತಿ ಅವಳ ಪಕ್ಷ ವಹಿಸಿ ನನ್ನನ್ನೇ ಬೈಯುತ್ತಾಳೆ.

ಹಾಗೆ ಬೈಯಲು ನನ್ನ ಹೆಂಡತಿ ಬದುಕಿದ್ದಾಳೆ. ಕತ್ತರಿಯಕ್ಕನಿಗೆ ನಾನು ತೀರಿಸಬೇಕಾದ ಸಾಲ ಅದು.